ಎಲ್ಲವೂ ಎಡತೋಳು

ಮಾಸ್ಟರಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪದ ಗಂಟೊಂದಿತ್ತು. ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಆದದ್ದು. ಬಣ್ಣವೂ ಹುಣಸೆಬೀಜದ್ದೇ ಎಂದು ಬರೆಯಲು ಹೊರಟೆ. ಅದು ನಿಜವೋ, ಹೋಲಿಕೆ ಸಿಕ್ಕಿದ ಮೇಲೆ ನೆನಪು ಬಳಿದುಕೊಂಡ ಬಣ್ಣವೋ ತಿಳಿಯದು. ಗಂಟಂತೂ ಇತ್ತು.

ಮಾವಳ್ಳಿಯ ಒಂದು ಮಹಡಿ ಕೋಣೆಯಲ್ಲಿ ನಮ್ಮ ಹೊಲಿಗೆ ಸಹಕಾರ ಸಂಘ. ಹನ್ನೊಂದು ಜನ ಹೆಂಗಸರು. ಮಾಲೀಕರೂ ನಾವೇ, ಕೆಲಸದವರೂ ನಾವೇ. ಎಂ.ಎ. ಮುಗಿಸಿ ಸುಮ್ಮನೆ ಕೂತಿದ್ದ ನಾನು ಮಂಡಿನೋವು ಬಂದ ಅಮ್ಮನ ಜಾಗಕ್ಕೆ ಹೋದವಳು. ಬಟ್ಟೆ ಕತ್ತರಿಸುವುದನ್ನು ನಮಗೆ ಕಲಿಸುತ್ತಿದ್ದ ಅವರನ್ನು ಎಲ್ಲರೂ ಮಾಸ್ಟರಮ್ಮ ಎನ್ನುತ್ತಿದ್ದರು.

ಪ್ರತಿ ಸೋಮವಾರ ಚೀಟಿ ಎತ್ತಿಸಿ, ಹೆಸರು ಬಂದವರ ಕೈಗೆ ಆ ವಾರದ ಕತ್ತರಿ ಕೊಡುತ್ತಿದ್ದರು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಏನು ಮಾಡುವುದು? ಚೀಟಿ ಬಂದವರ ಮುಖ ಸಣ್ಣಗಾಗುತ್ತಿತ್ತು.

"ನಂಗ್ಬೇಡ ಮಾಸ್ಟರಮ್ಮ, ನೀವೇ ಮಾಡ್ಬಿಡಿ."

"ನಾನು ಸತ್ಮೇಲೆ ಏನ್ಮಾಡ್ತೀರೇ? ಬಟ್ಟೆ ಹೊತ್ಕೊಂಡು ಮೇಲಕ್ಕೆ ಬರ್ತೀರಾ? ಕತ್ತರಿ ಒಬ್ರ ಕೈಲೇ ಇದ್ರೆ ಅವ್ರೇ ಯಜಮಾನ್ರಾಗ್ಬಿಡ್ತಾರೆ. ನಾನಾದ್ರೂ ಅಷ್ಟೇ."

ಇನ್ನೊಂದು ನಿಯಮವೂ ಅವರದೇ. ತಪ್ಪಾದರೆ ಹೊರಗಿನವರಿಗೆ ಯಾರ ಹೆಸರನ್ನೂ ಹೇಳುವಂತಿಲ್ಲ. ಸಂಘದ ತಪ್ಪು, ಅಷ್ಟೇ.

ಬಸವನಗುಡಿಯ ಶಾಲೆಯೊಂದರ ಸಮವಸ್ತ್ರವೇ ನಮ್ಮ ವರ್ಷದ ಅನ್ನ. ಒಂದು ಮೇ ತಿಂಗಳಲ್ಲಿ ನನ್ನ ಚೀಟಿ ಬಂತು. ಬಟ್ಟೆ ಪದರ ಪದರವಾಗಿ ಹಾಸಿ, ರಟ್ಟಿನ ಅಚ್ಚಿಟ್ಟು, ತೋಳುಗಳನ್ನು ಕತ್ತರಿಸಿದೆ. ಎಡತೋಳಿನ ನಂತರ ಅಚ್ಚನ್ನು ಮಗುಚಿ ಇಡಬೇಕು, ಆಗ ಬಲತೋಳು. ನಾನು ಮಗುಚಲಿಲ್ಲ. ಸಂಜೆ ಹೊಲಿಯಲು ಕೂತವರೊಬ್ಬರು, "ಅಯ್ಯೋ, ಮಕ್ಳಿಗೆಲ್ಲ ಎಡಗೈನೇ ಏನೇ?" ಎಂದು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಅದೇ ಬಣ್ಣದ ಬಟ್ಟೆ ಮತ್ತೆ ತರಿಸುವಷ್ಟರಲ್ಲಿ ನಾಲ್ಕು ದಿನ ತಡವಾಯಿತು. ತಪ್ಪು ತೋಳುಗಳನ್ನು ಮಾಸ್ಟರಮ್ಮ ಜೇಬುಗಳಾಗಿ ಕತ್ತರಿಸಿದರು. ಆಗಲೇ ಅವರ ಕೈ ನಡುಗಲು ಶುರುವಾಗಿತ್ತು.

ಬಟ್ಟೆ ಒಪ್ಪಿಸಲು ನಾನೂ ಮಾಸ್ಟರಮ್ಮನೂ ಹೋದೆವು. ಎಲ್ಲವೂ ಎಡತೋಳೇ ಆಗಿ ತಡವಾಯಿತೆಂದು ಅವರೇ ಹೇಳಿದರು.

"ಕಟಿಂಗ್ ಮಾಡಿದ್ದು ಯಾರು?" ಎಂದರು ಮುಖ್ಯೋಪಾಧ್ಯಾಯಿನಿ.

"ನಮ್ಮ ಸಂಘ, ಮೇಡಂ," ಎಂದರು ಮಾಸ್ಟರಮ್ಮ.

ಮೇಡಂ ಕಣ್ಣು ಆ ನಡುಗುವ ಕೈಯ ಮೇಲೇ ನಿಂತಿತು. "ನಿಮಗೂ ವಯಸ್ಸಾಯ್ತಲ್ಲಮ್ಮ. ಇನ್ಮೇಲೆ ಬೇರೆಯವರ ಕೈಲಿ ಮಾಡ್ಸಿ. ಇಲ್ಲಾಂದ್ರೆ ಫ್ಯಾಕ್ಟರಿಯವರು ಆರ್ಡರ್ ಕೇಳ್ತಾನೇ ಇದಾರೆ."

"ಆಯ್ತು ಮೇಡಂ."

ಗಾಂಧಿಬಜಾರಿಗೆ ಬಂದ ಮೇಲೆ ನಾನು ಕೇಳಿದೆ: "ಯಾಕೆ ಸುಮ್ನಿದ್ರಿ?"

"ನೀನ್ಯಾಕೆ ಸುಮ್ನಿದ್ದೆ?"

ಹಾಗೆಂದು ಅವರು ನಿಜವಾಗಿ ಕೇಳಿದರೇ? ಅಥವಾ ನಾನೇ ಅವರ ದನಿಯಲ್ಲಿ ಕೇಳಿಕೊಂಡೆನೆ? ಆ ದಿನದ ಡೈರಿ ತೆಗೆದು ನೋಡಿದೆ. ಮಾಸ್ಟರಮ್ಮನ ಕೈ ಹೇಗೆ ನಡುಗುತ್ತಿತ್ತೆಂದು ಒಂದು ಪುಟ ಬರೆದಿದ್ದೇನೆ. ನನ್ನ ಕೈಯ ಬಗ್ಗೆ ಒಂದು ಸಾಲೂ ಇಲ್ಲ.

ಮುಂದಿನ ಸೋಮವಾರ ಅವರು ಚೀಟಿ ಎತ್ತಿಸಲಿಲ್ಲ. ಕತ್ತರಿಯನ್ನು ನನ್ನ ಮುಂದಿಟ್ಟು, "ಈ ವಾರಾನೂ ಇವ್ಳೇ. ಈಗ ಬಿಟ್ರೆ ಇನ್ನು ಮುಟ್ಟಲ್ಲ," ಎಂದರು.

ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಚೀಟಿ ನಿಂತಿಲ್ಲ.

ಈ ವರ್ಷ ಸಮವಸ್ತ್ರದ ಆರ್ಡರ್ ಕೇಳಲು ನಾನೇ ಹೋದೆ. "ಆ ಅಮ್ಮ ಹೋಗ್ಬಿಟ್ರಂತೆ, ಪಾಪ," ಎಂದು ಮೇಡಂ ಪೆನ್ನು ತೆಗೆದರು. ಆಮೇಲೆ ನಗುತ್ತ, "ಇನ್ನು ಎಲ್ಲಾ ಎಡತೋಳೇ ಬರಲ್ಲ ಬಿಡಿ."

ಸಹಿ ಇನ್ನೂ ಆಗಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಒಂದು ಮಾತಿಗಾಗಿ ಹತ್ತು ಜನರ ವರ್ಷದ ಕೆಲಸವನ್ನು ಪಣಕ್ಕೊಡ್ಡುವ ಹಕ್ಕು ನನಗಿತ್ತೆ? ಈಗಲೂ ಗೊತ್ತಿಲ್ಲ.

"ಅವತ್ತು ಕತ್ತರಿಸಿದ್ದು ನಾನು, ಮೇಡಂ. ಅವರಲ್ಲ."

ಪೆನ್ನು ನಿಂತಿತು. "ಈ ಸಲ ಯಾರು?"

"ಈ ವಾರ ನಾನು. ಮುಂದಿನ ವಾರ ಚೀಟಿ ಬಂದವರು."

ಅವರು ನನ್ನನ್ನು ನೋಡಿದರು. ಆಮೇಲೆ ಸಹಿ ಹಾಕಿ ಕಾಗದ ತಳ್ಳಿದರು. ತೆಗೆದುಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು. ಅದನ್ನೂ ಅವರು ನೋಡಿದರು.