ಗೋಡೆಯಾಚೆಯಿಂದ ಕಲಿತ ಯುಗಳಗೀತೆ

ಮಕ್ಕಳೇ, ನಿನ್ನೆ ಅಟ್ಟದ ಡಬ್ಬದಲ್ಲಿ ಸಿಕ್ಕಿದ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದು ನೀವು ಗೋಡೆಯ ಮೇಲೆ ಬಣ್ಣ ಕುಣಿಸುತ್ತಿದ್ದಿರಿ. ಅದರ ಹೊದಿಕೆಯ ಮೇಲೆ ಪೇಟ ಸುತ್ತಿದ ಮುದುಕರೊಬ್ಬರ ಚಿತ್ರ, ಕೆಳಗೆ ಹಾಡುಗಳ ಪಟ್ಟಿ. ಐದನೆಯ ಹಾಡಿನ ಮುಂದೆ ಮಾತ್ರ ಗಾಯಕಿಯ ಹೆಸರಿಲ್ಲ, "ಒಬ್ಬ ಸಹೋದರಿ" ಎಂದಷ್ಟೇ ಇದೆ. "ಅಜ್ಜಿ, ಇದ್ಯಾರು?" ಎಂದು ಕೇಳಿದಿರಿ. ಸಾರು ಉಕ್ಕುತ್ತಿದೆ ಎಂದು ನಾನು ಒಳಗೆ ಹೋದೆ. ಒಲೆ ಹಚ್ಚಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಹಳ್ಳಿ ಶಾಲೆಯಲ್ಲೂ ಅಷ್ಟೇ, ಮೇಷ್ಟ್ರು ಪ್ರಶ್ನೆ ಕೇಳಿದರೆ ಸ್ಲೇಟು ತೋರಿಸುತ್ತಿದ್ದೆನೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ರಾಜಗೋಪಾಲನಗರದ ಒಂದು ವಠಾರದಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ನಾನು, ಕಾಲೇಜಿಗೆ ಹೋಗುವ ನಿಮ್ಮ ಅಪ್ಪ, ನನ್ನ ಅತ್ತೆ. ಪಕ್ಕದ ಮನೆ ನಾಟಕದ ಮೇಷ್ಟ್ರದು. ಪೀಣ್ಯದ ಕಾರ್ಖಾನೆಗಳ ಕೆಲಸಗಾರರು ಸೇರಿ ಆಡುವ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಹಿಡಿದು ಹಾಡು ಕಲಿಸುತ್ತಿದ್ದವರು ಅವರು. ಸ್ತ್ರೀಪಾತ್ರದ ಕಲಾವಿದೆಯರು ತಾಲೀಮಿಗೆ ಬರುತ್ತಿದ್ದದ್ದು ಕಡೆಯ ಎರಡು ದಿನ ಮಾತ್ರ. ಅಲ್ಲಿಯವರೆಗೆ ರಾಣಿಯರ ಹಾಡನ್ನೆಲ್ಲ ಹೇಳುತ್ತಿದ್ದವನು ನಮ್ಮದೇ ವಠಾರದ ಬಸವರಾಜ. ಗದಗಿನ ಕಡೆಯವನು, ಲೇತ್ ಮೆಷಿನ್ ಕೆಲಸ, ದಪ್ಪ ಮೀಸೆ. ಅವನಿಗೆ ಉಸಿರು ಸಾಲದು. ಸಾಲಿನ ನಡುವೆ ನಿಂತು, ಉಸಿರೆಳೆದು, ಬಿಟ್ಟ ಪದವನ್ನೇ ಮತ್ತೊಮ್ಮೆ ಹೇಳಿ ಮುಂದೆ ಹೋಗುವನು. ಗೋಡೆಯ ಈಚೆ ರಾಗಿ ಹಸನು ಮಾಡುತ್ತ ನಾನು ಆ ಹಾಡುಗಳನ್ನೆಲ್ಲ ಕಲಿತುಬಿಟ್ಟೆ.

ಮೇಷ್ಟ್ರಿಗೆ ಎಪ್ಪತ್ತು ದಾಟಿದಾಗ ಶಿಷ್ಯರು ಸೇರಿ ಅವರ ಯುಗಳಗೀತೆಗಳ ಸಿ.ಡಿ. ಮಾಡಿಸಿದರು. ಹಾಡು ರೆಕಾರ್ಡು ಮಾಡುವ ದಿನ ಒಬ್ಬ ಕಲಾವಿದೆಯ ಗಂಟಲು ಕಟ್ಟಿತು. ಮೇಷ್ಟ್ರ ಹೆಂಡತಿ ನೇರ ನಮ್ಮ ಬಾಗಿಲಿಗೆ ಬಂದರು. "ನೀನು ಗುನುಗೋದು ಗೋಡೆಗೂ ಗೊತ್ತು, ನನಗೂ ಗೊತ್ತು. ಬಾ ಸುಮ್ನೆ."

ಅತ್ತೆ ಊರಿಗೆ ಹೋಗಿದ್ದರು, ಅದೇ ಧೈರ್ಯ. ಹೆಸರು ಹಾಕಬಾರದೆಂದು ಮಾತು ತೆಗೆದುಕೊಂಡು, ಕಣ್ಣು ಮುಚ್ಚಿ ಹಾಡಿ ಬಂದೆ. ರಾಜ ರಾಣಿಯರ ಸರಸದ ಹಾಡು ಅದು.

ಸಿ.ಡಿ. ಬಂದ ಮೇಲೆ ಬೀದಿಯಲ್ಲೆಲ್ಲ ಅದೇ ಮಾತು. ಮೇಷ್ಟ್ರ ಗಂಟಲಿಗೆ ಇನ್ನೂ ಮೂವತ್ತೇ ವಯಸ್ಸು ಎಂದರು ಒಬ್ಬರು. ಹಾರ್ಮೋನಿಯಂ ಜೋರಾಯಿತು ಎಂದರು ಇನ್ನೊಬ್ಬರು. ಕೊನೆಗೆ ಎಲ್ಲರೂ ಐದನೆಯ ಹಾಡಿಗೆ ಬಂದು ನಿಲ್ಲುವರು. "ಆ ಒಂದ್ ಪದಾನ ಎರಡೆರಡ್ ಸಲ ಹೇಳ್ತಾಳಲ್ಲ, ನಿಜವಾಗ್ಲೂ ನಾಚ್ಕೊಂಡಂಗೇ ಇದೆ ಕಣಕ್ಕ" ಎಂದು ಹೂವಿನವಳು ಹೇಳಿದಾಗಲೇ ನನಗೆ ಹೊಳೆದದ್ದು. ಬಸವರಾಜನ ಹಾಡಿನ ಜೊತೆ ಅವನ ಏದುಸಿರನ್ನೂ ಕಲಿತಿದ್ದೆ.

ಯಾರು ಕೇಳಿದರೂ ಸರಿ, ಅತ್ತೆ ಕೇಳದಿದ್ದರೆ ಸಾಕಿತ್ತು. ಮಗನನ್ನು ಕಳೆದುಕೊಂಡ ಜೀವ. ಸೊಸೆ ಪರಗಂಡಸಿನೊಡನೆ ಸರಸದ ಹಾಡು ಹೇಳಿದಳೆಂದು ತಿಳಿದರೆ ಆ ಮುಖವನ್ನು ನಾನು ಹೇಗೆ ನೋಡಲಿ?

ಒಂದು ಭಾನುವಾರ ಬಸವರಾಜ ಸಿ.ಡಿ. ಪ್ಲೇಯರನ್ನೇ ಹೊತ್ತು ತಂದು ನಮ್ಮ ಜಗುಲಿಯ ಮೇಲಿಟ್ಟ. ಮೇಷ್ಟ್ರೂ ಬಂದು ಕುಳಿತರು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಐದನೆಯ ಹಾಡು ಬಂದಾಗ ಬಸವರಾಜ ನೆಟ್ಟಗಾದ.

"ಮಾಸ್ತರ, ಇದು ನನ್ನ ತಪ್ಪೈತ್ರೀ. ನಾ ಉಸರ ತಗೊಳ್ಳೋ ಜಾಗಾ. ಈ ಹಾಡಿನ ಅಕ್ಕಾರು ಎಲ್ಲಿ ಕಲ್ತಾರ ಇದನ್ನ?"

ಮೇಷ್ಟ್ರು ಆಕಾಶ ನೋಡಿದರು. ನಾನು ನೆಲ ನೋಡಿದೆ.

ಅತ್ತೆಯ ಕೈ ನಿಲ್ಲಲಿಲ್ಲ. "ಇನ್ನೆಲ್ಲಿ ಕಲ್ತಾಳು? ಈ ಗೋಡೆ ತಾವ. ಅದು ನಮ್ ಉಡ್ಗಿ ಗಂಟ್ಲು ಕಣಪ್ಪ. ಬೆಳಗ್ಗೆ ಆಲಿನ್ ಅಂಗ್ಡೀಲಿ ನಿಂತ್ಕೊಂಡು ಎಲ್ಡ್ ಸಲ ಕೇಳ್ದೆ." ಆಮೇಲೆ ನನ್ನತ್ತ ತಿರುಗಿದರು. "ಯಾಕವ್ವ ಎಸ್ರು ಆಕಿಸ್ನಿಲ್ಲ? ಕದ್ದಿದ್ದಾ?"

"ಕದ್ದದ್ದು ಖರೇನ ಯಮ್ಮಾ, ನನ್ನ ಉಸರು" ಎಂದ ಬಸವರಾಜ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಿಮ್ಮ ತಾತ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅವರ ಪಕ್ಕ ಕುಳಿತು ಅವರೆಕಾಯಿಗೆ ಕೈ ಹಾಕಿದೆ.

ಇಷ್ಟು ಬರೆಯುವಷ್ಟರಲ್ಲಿ ನನಗೆ ತಿಳಿಯದೆಯೇ ಗುನುಗತೊಡಗಿದ್ದೇನೆ. ಹೊರಗೆ ನೀವು ಆಟ ನಿಲ್ಲಿಸಿದ್ದು ಗೊತ್ತಾಯಿತು. ಬಾಗಿಲು ಹಾಕಲೆಂದು ಎದ್ದವಳು ಹಾಗೇ ಕುಳಿತೆ. ದನಿಯನ್ನು ಸ್ವಲ್ಪ ಏರಿಸಿದೆ.