ಸದ್ದಿಲ್ಲದೆ ಮನೆಗೆ ಬರುವುದು

ನನಗೆ ನನ್ನ ಕಾರಿನ ಮೇಲೆ ಮೋಹವಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಐವತ್ತು ದಾಟಿದವನಿಗೆ ಬೇರೆ ಯಾವುದರ ಮೇಲೆ ಮೋಹ ಬಂದರೂ ಊರು ಸುಮ್ಮನಿರುವುದಿಲ್ಲ; ಕಾರಿನ ಮೇಲಾದರೆ ಹೆಂಡತಿಯೂ ಸಹಿಸಿಕೊಳ್ಳುತ್ತಾಳೆ. ನನ್ನದು ಹೈಬ್ರಿಡ್ ಕಾರು. ಅದರಲ್ಲಿ ಪೆಟ್ರೋಲಿನ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಯಾವಾಗ ಯಾವುದು ದುಡಿಯಬೇಕೆಂಬುದನ್ನು ಅವೆರಡೂ ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುತ್ತವೆ, ನನ್ನನ್ನು ಕೇಳುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಅವ್ವ ಮತ್ತು ನನ್ನ ಹೆಂಡತಿ ಗಿರಿಜಾ ಎಷ್ಟೋ ವರ್ಷ ಇದೇ ಪದ್ಧತಿ ಇಟ್ಟುಕೊಂಡಿದ್ದರಿಂದ ನನಗಿದು ಹೊಸದೆನಿಸಲಿಲ್ಲ.

ನಾನಿರುವುದು ಕೊಪ್ಪಳದಲ್ಲಿ, ಇತಿಹಾಸ ಪಾಠ ಹೇಳುವುದು ಯಲಬುರ್ಗಾದ ಕಾಲೇಜಿನಲ್ಲಿ. ದಿನವೂ ಹೋಗಿಬರುವ ದಾರಿಯಲ್ಲಿ ಕುಕನೂರಿನ ಒಂದು ಚಹಾದ ಅಂಗಡಿಯ ಮುಂದೆ ನಿಲ್ಲುತ್ತೇನೆ. ಅಲ್ಲಿ ಯಾರಾದರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದನ್ನ ಎಲ್ಲಿ ಚಾರ್ಜ್ ಮಾಡ್ತೀರಿ ಸರ?" ಎಂದು ಕೇಳುತ್ತಾರೆ. ಚಾರ್ಜ್ ಮಾಡುವುದಿಲ್ಲ, ಪೆಟ್ರೋಲ್ ಹಾಕಿಸುತ್ತೇನೆ ಎನ್ನುತ್ತೇನೆ. "ಹಂಗಾದ್ರ ಪೆಟ್ರೋಲ್ ಗಾಡಿ ಅನ್ರಿ." ಇಲ್ಲ, ಬ್ಯಾಟರಿಯೂ ಇದೆ ಎನ್ನುತ್ತೇನೆ. "ಹಂಗಾದ್ರ ಚಾರ್ಜ್ ಎಲ್ಲಿ ಮಾಡ್ತೀರಿ?" ನಾವು ಹೊರಟಲ್ಲಿಗೇ ಬಂದು ನಿಂತಿರುತ್ತೇವೆ, ಅಷ್ಟರಲ್ಲಿ ಚಹಾ ಆರಿರುತ್ತದೆ. ಬೇವೂರಿನಲ್ಲಿ ಹೊಲ ಮಾಡಿಕೊಂಡಿರುವ ನನ್ನ ದೊಡ್ಡಪ್ಪನ ಮಗ ಬಸಣ್ಣ ಮಾತ್ರ ಏನನ್ನೂ ಕೇಳಲಿಲ್ಲ. ಹೈಬ್ರಿಡ್ ಎಂದ ಕೂಡಲೇ ಅವನಿಗೆ ಎಲ್ಲ ತಿಳಿದುಹೋಯಿತು. "ಹೈಬ್ರಿಡ್ ಜ್ವಾಳ ಬಿತ್ತಿ ನೋಡೀವಲ್ಲ, ಇಳುವರಿ ಭಾಳ, ರುಚಿ ಕಮ್ಮಿ" ಎಂದು ಬಾಗಿಲು ತೆಗೆದು ಒಳಗೆ ಕೂತ. ಯಲಬುರ್ಗಾದವರೆಗೆ ಹೋಗುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

ಈ ಕಾರಿನ ದೊಡ್ಡ ಗುಣವೆಂದರೆ ಬ್ರೇಕ್ ತುಳಿದರೆ ಬ್ಯಾಟರಿ ತುಂಬುತ್ತದೆ. ಓಡುವುದರಿಂದ ಗಳಿಸುವವರನ್ನು ಕಂಡಿದ್ದೆ. ನಿಧಾನಿಸಿದರೂ ಗಳಿಕೆಯುಂಟು ಎಂದು ಹೇಳಿಕೊಟ್ಟದ್ದು ಈ ಯಂತ್ರ. ಸುಗ್ಗಿಯಲ್ಲಿ ಗಂಗಾವತಿಗೆ ಹೋಗಿ ನೋಡಿ. ಭತ್ತದ ಲಾರಿಗಳು ಅಕ್ಕಿ ಗಿರಣಿಗಳ ಮುಂದೆ ಸಾಲುಗಟ್ಟಿ, ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದೆ ಮುಂದೆ ನಿಂತವರೆಲ್ಲ ಎಂಜಿನ್ ಗುರುಗುಟ್ಟಿಸುತ್ತ, ಒಬ್ಬರನ್ನೊಬ್ಬರು ಬೈಯುತ್ತ, ಹೊಗೆ ಕುಡಿಯುತ್ತ ಕೂತಿರುತ್ತಾರೆ. ನನ್ನದು ಮಾತ್ರ ಎಂಜಿನ್ ಆರಿಸಿಕೊಂಡು ತೆಪ್ಪಗಿರುತ್ತದೆ. ದಾರಿಯಾದರೆ ನಾಲ್ಕು ಮಾರು ಜಾರುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಇಷ್ಟು ಸಮಾಧಾನ ನನಗೆ ನನ್ನ ಗುರುಗಳಲ್ಲೂ ಕಂಡಿರಲಿಲ್ಲ. ಜಗತ್ತು ರೇಗುವ ಜಾಗದಲ್ಲಿ ರೇಗದೆ ಕೂತಿರುವ ಹೆಮ್ಮೆಯನ್ನು ಅದರ ಜೊತೆಗೆ ನಾನೂ ಪುಗಸಟ್ಟೆ ಅನುಭವಿಸುತ್ತೇನೆ.

ಆದರೆ ನಾನು ಅಷ್ಟೊಂದು ಮೆಚ್ಚಿದ ಈ ಮೌನವೇ ಮನೆಯಲ್ಲಿ ಎಡವಟ್ಟು ಮಾಡಿತು.

ನಮ್ಮವ್ವನಿಗೆ ಕಣ್ಣು ಮಂಜಾಗಿ ಕೆಲವು ವರ್ಷಗಳಾದವು. ಎದುರಿಗೆ ನಿಂತವರು ಬೆಳಕಿನಲ್ಲೊಂದು ನೆರಳಾಗಿ ಕಾಣುತ್ತಾರೆ, ಅಷ್ಟೇ. ಹಿಟ್ಟು ನಾದುವುದು, ಒಲೆಯ ಮುಂದೆ ಕೂರುವುದು ಎಲ್ಲ ಬಿಟ್ಟುಹೋಯಿತು. ಆದರೂ ಒಂದು ಕೆಲಸವನ್ನು ಆಕೆ ಕೈಯಲ್ಲಿ ಇಟ್ಟುಕೊಂಡಿದ್ದಳು. ಸಂಜೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, ನನ್ನ ಹಳೆಯ ಡೀಸೆಲ್ ಜೀಪು ದೊಡ್ಡ ರಸ್ತೆಯಿಂದ ಓಣಿಗೆ ತಿರುಗಿದ ಸದ್ದು ಕೇಳಿದೊಡನೆ, "ಗಿರಿಜಾ, ಹಂಚಿಡವಾ, ಬಂದ" ಎಂದು ಕೂಗುತ್ತಿದ್ದಳು. ಗಿರಿಜಾ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಾನು ಕೈಕಾಲು ತೊಳೆದು ಬರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಜೋಳದ ರೊಟ್ಟಿಯನ್ನು ಹಂಚಿನಿಂದ ತಾಟಿಗೆ ಬಿದ್ದ ಗಳಿಗೆಯಲ್ಲೇ ತಿನ್ನಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಓಣಿಯಲ್ಲಿ ಹತ್ತಾರು ಗಾಡಿಗಳು ಓಡಾಡಿದರೂ ಅವ್ವ ಒಂದು ದಿನವೂ ತಪ್ಪಿರಲಿಲ್ಲ. ಬೇರೆಯವರ ಜೀಪು ಬಂದರೆ, "ಅದು ಬ್ಯಾರೆ, ನಮ್ದಲ್ಲ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಮನೆಗೆ ಬರುವವನು ಸದ್ದು ಮಾಡಿಕೊಂಡು ಬರಬೇಕೆಂಬುದು ನಮ್ಮ ಕಡೆಯ ಹಳೆಯ ಮರ್ಯಾದೆ. ಇತಿಹಾಸದ ಮೇಷ್ಟ್ರ ಮುಂದೆ ಈ ಮಾತು ಬಂದರೆ ಎರಡು ನಿಮಿಷ ತಡೆದುಕೊಳ್ಳಲೇಬೇಕು. ಅರಸರು ಬರುವ ಮುಂಚೆ ಕಹಳೆ ಊದುತ್ತಿದ್ದರು. ನಮ್ಮಜ್ಜನ ಬಳಿ ಕಹಳೆ ಇರಲಿಲ್ಲ, ಎತ್ತುಗಳ ಕೊರಳಲ್ಲಿ ಗಂಟೆ ಇದ್ದವು; ಗಂಟೆ ಕೇಳಿದ ಮೇಲೆ ಮನೆಯಲ್ಲಿ ನೀರು ತುಂಬಿಡುತ್ತಿದ್ದರು. ಗಾಡಿ ಇಲ್ಲದ ದಿನ ಆತ ತಲೆಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಮಕ್ಕಳು ಆಟ ಬಿಟ್ಟು ಪುಸ್ತಕ ಹಿಡಿಯುತ್ತಿದ್ದರು. ಬರುವವನು ಮನೆಯವರಿಗೆ ಸಿದ್ಧವಾಗಲು ಒಂದಿಷ್ಟು ಹೊತ್ತು ಕೊಡುವ ರೀತಿ ಅದು. ಬೆಕ್ಕು ಮತ್ತು ಕಳ್ಳ ಇಬ್ಬರೇ ಅದನ್ನು ಪಾಲಿಸುತ್ತಿರಲಿಲ್ಲ. ಈಗ ನಾನು ಮೂರನೆಯವನಾದೆ.

ಹೊಸ ಕಾರಿನಲ್ಲಿ ಬಂದ ಮೊದಲ ಸಂಜೆ ಗೇಟಿನ ಮುಂದೆ ಇಳಿದು, ಕಟ್ಟೆಯ ಹತ್ತಿರ ಹೋಗಿ, "ಅವ್ವಾ" ಎಂದೆ. ಆಕೆ ಬೆಚ್ಚಿಬಿದ್ದಳು. ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾವಾಗ ಬಂದ್ಯೋ? ಜೀಪು ಬರಲೇ ಇಲ್ಲಲ್ಲ?" ಎಂದಳು. ಓಣಿಯಲ್ಲಿ ನಿಧಾನ ಬರುವಾಗ ಕಾರು ಬ್ಯಾಟರಿಯಲ್ಲೇ ಓಡುತ್ತದೆ, ಸದ್ದು ಮಾಡುವುದಿಲ್ಲವೆಂದು ನಾನು ದೊಡ್ಡಸ್ತಿಕೆಯಿಂದ ವಿವರಿಸಿದೆ. ಅವ್ವ ಎಲ್ಲವನ್ನೂ ಕೇಳಿ, "ಛಲೋ ಆತು ಬಿಡಪಾ" ಎಂದಳು. ಆ ದಿನ ಹಂಚು ತಣ್ಣಗಿತ್ತು. ಎರಡನೆಯ ದಿನವೂ ತಣ್ಣಗಿತ್ತು. ಮೂರನೆಯ ದಿನ ಯಾರದೋ ಜೀಪಿನ ಸದ್ದಿಗೆ ಆಕೆ ಅಭ್ಯಾಸಬಲದಿಂದ ಕೂಗಿಬಿಟ್ಟಳು, ಗಿರಿಜಾ ಹಂಚಿಟ್ಟಳು, ನಾನು ಬಂದದ್ದು ಅದಾಗಿ ಎಷ್ಟೋ ಹೊತ್ತಿಗೆ. ಗಿರಿಜಾ ಆರಿದ ರೊಟ್ಟಿಯನ್ನೇ ಬಡಿಸಿದಳು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನನ್ನ ಕಿವಿನೂ ಹೋದ್ವು ಅನಸ್ತೈತಿ" ಎಂದಳು. ಆಕೆಯ ಕಿವಿ ಎಲ್ಲಿಯೂ ಹೋಗಿರಲಿಲ್ಲ. ಕೇಳಿಸಿಕೊಳ್ಳಲು ನಾನೇ ಏನೂ ಉಳಿಸಿರಲಿಲ್ಲ.

ಪರಿಹಾರಗಳು ಶುರುವಾದವು. ಓಣಿಯ ತುದಿಯಲ್ಲಿ ಹಾರ್ನ್ ಹೊಡೆದೆ. ಪಕ್ಕದ ಮನೆಯ ಹಸುಗೂಸು ಎದ್ದು ಅತ್ತಿತು, ಅವ್ವನಿಗೆ ಅವಮಾನವಾಯಿತು. "ನಾ ಏನ್ ಎಮ್ಮಿ ಅದೀನೇನೋ, ಹಾರ್ನ್ ಹೊಡದು ಹೇಳಾಕ? ಹಂಗ ಹೇಳಿದ್ರ ಇಡೀ ಓಣಿಗೆ ತಿಳಿತೈತಿ, ಅದ್ರಾಗ ನನ್ನದೇನು?" ಎಂದಳು. ಮಾರನೆಯ ದಿನ ಎಂಜಿನ್ನನ್ನು ಎಬ್ಬಿಸಲೆಂದು ತಿರುವಿನಲ್ಲಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿದೆ. ಎಂಜಿನ್ ಎದ್ದಿತು, ಅದರೊಂದಿಗೆ ಕಾರೂ ಎದ್ದು ಅಲ್ಲಿಯ ಎದುರುಮನೆಯ ತುಳಸಿಕಟ್ಟೆಯ ದರ್ಶನ ಮಾಡಿ ಬಂತು. ಕೊನೆಗೆ ಗಿರಿಜಾ, "ತಿರುವಿನ್ಯಾಗ ನಿಂತು ನನಗೊಂದು ಫೋನ್ ಮಾಡಿಬಿಡ್ರಿ, ಮುಗದಹೋತು" ಎಂದಳು. ಹಾಗೇ ಮಾಡಿದೆ. ರೊಟ್ಟಿ ಮತ್ತೆ ಬಿಸಿಬಿಸಿಯಾಗಿ ತಾಟಿಗೆ ಬಂತು. ನನ್ನ ಬುದ್ಧಿವಂತಿಕೆ ಅಲ್ಲಿಗೆ ನಿಂತಿತು. ಒಂದು ವಾರವಾದ ಮೇಲೆ ನೋಡಿದರೆ ಕಟ್ಟೆ ಖಾಲಿ. ಅವ್ವ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆರಾಮಿಲ್ಲವೇ ಎಂದರೆ, "ಆರಾಮದೀನಿ. ಹೊರಗ ಕುಂತು ಏನ್ ಮಾಡ್ಲಿ?" ಎಂದಳು. ಕಳೆದುಹೋದದ್ದು ಬಿಸಿ ರೊಟ್ಟಿಯಲ್ಲ, ಅವ್ವ ಎಂದು ಆಗ ತಿಳಿಯಿತು. ಕಾರನ್ನು ಮಾರಿಬಿಡಲೇ ಎಂದೂ ಯೋಚಿಸಿದೆ. ನನ್ನ ಮೋಹ ಎಷ್ಟೆಂದು ಬಲ್ಲ ಗಿರಿಜಾ ಆ ಮಾತು ಕೇಳಿ ನನ್ನ ಹಣೆ ಮುಟ್ಟಿ ನೋಡಿದಳು.

ಮುಂದಿನ ಸೋಮವಾರ ಕಾಲೇಜಿನಿಂದ ಬರುವಾಗ ನಮ್ಮ ಗೇಟಿನ ಮುಂದೆ ಅಗಲಕ್ಕೂ ಜಲ್ಲಿಕಲ್ಲು ಹರಡಿತ್ತು. ಟೈರುಗಳ ಕೆಳಗೆ ಕರಕರ ಅಂದಾಗ ನನ್ನ ಹಲ್ಲು ಜುಮ್ಮೆಂದವು. ಪಕ್ಕದ ಖಾಲಿ ಜಾಗದಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ಹುಸೇನಸಾಬನನ್ನು ಕರೆದು, ಹೊಸ ಟೈರು ಹಾಳಾಗುತ್ತವೆ, ನಿನ್ನ ಜಲ್ಲಿಯನ್ನು ನನ್ನ ಬಾಗಿಲಿಗೆ ಯಾಕೆ ಸುರಿದೆ ಎಂದು ರೇಗಿದೆ. ನನ್ನ ಕಾರಿನಿಂದ ನಾನೇನೂ ಕಲಿತಿರಲಿಲ್ಲ.

"ನಾ ಯಾಕ ಹಾಕ್ಲಿ ಸರ?" ಎಂದ ಆತ. "ಉಳದ ಖಡಿ ಬ್ಯಾರೆ ಕಡಿಗೆ ಒಯ್ಯಬ್ಯಾಡ, ನಮ್ಮ ಬಾಗಲ ಮುಂದ ಹರವು ಅಂತ ಅವ್ವಾರ ಹೇಳ್ಯಾರ. ಹರವಿದ ಮ್ಯಾಲ ಅದರ ಮ್ಯಾಲ ನನ್ನ ಕಡಿಂದ ಸೈಕಲ್ ಹೊಡಿಸಿ, ಕಿವಿಗೊಟ್ಟು ಕೇಳ್ಯಾರ. ಸಾಲಂಗಿಲ್ಲ, ಇನ್ನೊಂದೀಟು ಹಾಕು ಅಂದ್ರು."

ಒಳಗೆ ತಿರುಗಿ ನೋಡಿದೆ. ಅವ್ವ ಕಟ್ಟೆಯ ಮೇಲಿದ್ದಳು. ಆ ದಿನ ತಿರುವಿನಲ್ಲಿ ನಾನು ಫೋನ್ ಮಾಡುವುದನ್ನು ಮರೆತಿದ್ದೆ, ಆದರೂ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಪಕ್ಕದಲ್ಲಿ ಕೂತು, "ಅಲ್ಲವಾ, ಖಡಿ ಮ್ಯಾಲ ಯಾರ ಗಾಡಿ ಹಾದ್ರೂ ಸಪ್ಪಳ ಆಗ್ತೈತಿ. ನಾನ ಅಂತ ನಿನಗ ಹೆಂಗ ತಿಳೀತು?" ಎಂದೆ.

ಆಕೆ ನನ್ನ ದಡ್ಡತನಕ್ಕೆ ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು. "ಉಳದಾವ್ರ ಗಾಡಿ ಬಂದ್ರ ಎಂಜಿನ್ನೂ ಒದರ್ತೈತಿ, ಖಡಿನೂ ಒದರ್ತೈತಿ. ಬರೇ ಖಡಿ ಅಷ್ಟ ಸಪ್ಪಳ ಮಾಡಿ ಸುಮ್ನಾತಂದ್ರ ಅದು ನೀನ. ಇಡೀ ಓಣ್ಯಾಗ ಹಂಗ ಬರಾವ ನೀ ಒಬ್ಬಾವ ಅದಿ. ಜೀಪಿದ್ದಾಗ ಒಂದೀಟು ವಿಚಾರ ಮಾಡಬೇಕಾಗತಿತ್ತು, ಈಗ ಅದೂ ಇಲ್ಲ ನೋಡು."

ನನ್ನ ಕಾರನ್ನು ಮೆಚ್ಚಿ ನಾನು ಇಷ್ಟು ಹೊತ್ತು ಮಾತಾಡಿದೆ. ಆದರೆ ಅದರ ಮೌನದಲ್ಲಿ ನನ್ನನ್ನು ಗುರುತಿಸಬಹುದೆಂದು ಕಂಡುಕೊಂಡದ್ದು ಅದನ್ನು ಕಣ್ಣಿನಿಂದ ಒಮ್ಮೆಯೂ ನೋಡದ ಅವ್ವ. ಆ ದಿನದಿಂದ ಟೈರಿನ ಚಿಂತೆ ಬಿಟ್ಟೆ. ಮಳೆಗಾಲದಲ್ಲಿ ಜಲ್ಲಿ ಎರೆಮಣ್ಣಿನೊಳಗೆ ಇಳಿದುಹೋದಾಗ ನಾನೇ ಹುಸೇನಸಾಬನಿಗೆ ಹೇಳಿ ಇನ್ನೊಂದಿಷ್ಟು ಹಾಕಿಸಿದೆ. ಹರಡಿದ ಮೇಲೆ ಅವ್ವ ಪರೀಕ್ಷೆಗೆಂದು ಕಾರನ್ನೇ ಹಿಂದೆಮುಂದೆ ಓಡಿಸಲು ಹೇಳಿದಳು, ಓಡಿಸಿದೆ.

ಈ ಬೇಸಿಗೆಯಲ್ಲಿ ಓಣಿಗೆ ಕಾಂಕ್ರೀಟ್ ರಸ್ತೆ ಬಂತು. ಎಲ್ಲರ ಮನೆಯ ಮುಂದೂ ಹಬ್ಬದ ಕಳೆ. ಕೆಲಸದವರು ನಮ್ಮ ಗೇಟಿನ ಹತ್ತಿರ ಬಂದಾಗ ನಾನು ಓಡಿಹೋಗಿ, ನಮ್ಮ ಬಾಗಿಲ ಮುಂದಿನ ಜಲ್ಲಿಯನ್ನು ಮಾತ್ರ ಹಾಗೇ ಬಿಡಬೇಕೆಂದು ಅವರ ಮೇಸ್ತ್ರಿಯನ್ನು ಬೇಡಿಕೊಂಡೆ. ಆತ ಸಲಿಕೆ ಊರಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಂದಿ ನಮ್ಮ ಮನಿ ಮುಂದ ಇನ್ನೊಂದು ಪುಟ್ಟಿ ಜಾಸ್ತಿ ಹಾಕ್ರಿ ಅಂತ ಗಂಟಬೀಳ್ತಾರ. ನೀವು ಬ್ಯಾಡಂತೀರಲ್ರಿ, ಯಾಕ್ರಿ ಸರ?"

ಎಂಜಿನ್ನು, ಬ್ಯಾಟರಿ, ಮಂಜಾದ ಕಣ್ಣು, ಎಲ್ಲವನ್ನೂ ಮೊದಲಿನಿಂದ ಹೇಳಲು ಹೊರಟೆ. ಆಮೇಲೆ ಅಷ್ಟೆಲ್ಲ ಬೇಡವೆನಿಸಿತು.

"ಇಲ್ಲಿ ಕಾಂಕ್ರೀಟ್ ಹಾಕಿದ್ರ ನಮ್ಮವ್ವನ ನೌಕರಿ ಹೋಗ್ತೈತಪಾ" ಎಂದೆ.