ಹೊಸ್ತಿಲ ತನಕ ಬಂದ ಒದ್ದೆ ಹೆಜ್ಜೆ

ದೆವ್ವ, ಭೂತ ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಅಂಥ ಕಥೆ ತಂದ ಮಕ್ಕಳನ್ನು ಗದರಿ ಕೂರಿಸಿದ್ದೇನೆ. ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ಆದರೆ ವರ್ಷಗಳ ಹಿಂದೆ ಪಾಂಡವಪುರದ ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದು ನೆನಪಾದರೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬರುತ್ತದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆಗ ನನ್ನ ತಂಗಿ ಸುಧಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮಗು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದ. "ಮೊಮ್ಮಗೀನ ಮಕ ನೋಡ್ದೆ ಹೋಗ್ಬುಟ್ರಲ್ಲ" ಅನ್ನುವುದೊಂದೇ ಅವ್ವನ ಕೊರಗು. ಮಗುವನ್ನು ಎತ್ತಿಕೊಂಡಾಗಲೆಲ್ಲ ಅದೇ ಮಾತು.

ಅಪ್ಪನದೊಂದು ವರಸೆಯಿತ್ತು. ಗದ್ದೆಯಿಂದ ಬಂದವನು ಜಗಲಿಯ ಪಕ್ಕದ ಚೊಂಬಿನ ನೀರಲ್ಲಿ ಕಾಲು ತೊಳೆದು, ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ಅವ್ವ "ಒಳಕ್ ಬನ್ನಿ" ಅನ್ನುವವರೆಗೂ ಕಾಲಿಡುತ್ತಿರಲಿಲ್ಲ. "ನಿಮ್ಮನೇಗೆ ನೀವೇ ನೆಂಟ್ರಾ?" ಅಂತ ಅವ್ವ ರೇಗಿಸಿದರೆ, "ಕರುಸ್ಕೊಂಡು ಬರೋ ಸುಕಾನೇ ಬ್ಯಾರೆ ಕಣೇ" ಅನ್ನುತ್ತಿದ್ದ. ಅವನು ಹೋದಮೇಲೂ ಅವ್ವ ದಿನಾ ಸಂಜೆ ಆ ಚೊಂಬು ತುಂಬಿಡುತ್ತಿದ್ದಳು.

ಇದರ ನಡುವೆ ಆ ದರಿದ್ರ ಧಾರಾವಾಹಿ ಶುರುವಾಯಿತು. ಯಾವುದೋ ದೇಶದ ಕಾದಂಬರಿ, ಯಾವುದೋ ಕಾಲದಲ್ಲಿ ತೆಗೆದದ್ದು. ಅದಕ್ಕೆ ಕನ್ನಡದ ದನಿ ಕೊಟ್ಟು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದರು. ಸತ್ತವರು ಎದ್ದು ಬಂದು ಸ್ವಂತದವರ ರಕ್ತ ಹೀರುತ್ತಾರಂತೆ. ಆದರೆ ಮನೆಯವರೇ ಬಾಯಿಬಿಟ್ಟು ಕರೆಯದಿದ್ದರೆ ಹೊಸ್ತಿಲು ದಾಟಲಾರರಂತೆ. ಕೋರೆಹಲ್ಲಿನ ಹೆಣವೊಂದು ಬಾಗಿಲಲ್ಲಿ ನಿಂತು "ನನ್ನನ್ನು ಒಳಗೆ ಆಹ್ವಾನಿಸುವಿರಾ?" ಎಂದು ಶುದ್ಧ ಗ್ರಾಂಥಿಕದಲ್ಲಿ ಕೇಳುತ್ತಿತ್ತು. ನನಗೆ ನಗು ಬರುತ್ತಿತ್ತು. ಸುಧಾ ಮಾತ್ರ ಮಗುವನ್ನು ಅವಚಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಆ ಸಂಜೆಯೂ ಧಾರಾವಾಹಿ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಮನೆ ಗಪ್ಪಾಯಿತು. ಹೊರಗೆ ನೀರು ಸುರಿದ ಸದ್ದು ಕೇಳಿತು. ಆಮೇಲೆ ಒಂದು ಕೆಮ್ಮು.

ಅಪ್ಪನ ಕೆಮ್ಮನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ದೀಪ ಹಚ್ಚುತ್ತಿದ್ದ ಅವ್ವ ಕಡ್ಡಿ ಹಿಡಿದುಕೊಂಡೇ ಎದ್ದಳು. ಹೆದರಿಕೆಯಿಲ್ಲ, ಗಾಬರಿಯಿಲ್ಲ, ಮುಖ ಅರಳಿತ್ತು. "ಒಳಕ್..." ಅನ್ನುವಷ್ಟರಲ್ಲಿ ಸುಧಾ ನುಗ್ಗಿ ಬಂದು ಅವಳ ಬಾಯಿ ಮುಚ್ಚಿದಳು.

"ಕರೀಬ್ಯಾಡ ಕಣವ್ವ! ನಿನ್ ಕಾಲಿಗ್ ಬೀಳ್ತೀನಿ. ಕರುದ್ರೆ ಬಂದ್ಬುಡುತ್ತೆ, ಮಗು ಐತೆ!"

ಬರುತ್ತೆ ಅಂತೆ! ಹೆತ್ತ ಅಪ್ಪನನ್ನು 'ಅದು' ಮಾಡಿಬಿಟ್ಟಿದ್ದಳು. ಅವ್ವ ಕೊಸರಾಡಿದಳು, ಸುಧಾ ಬಿಡಲಿಲ್ಲ. ಹೊರಗೆ ಇನ್ನೊಂದು ಸಲ ಕೆಮ್ಮು ಕೇಳಿತು, ಮೊದಲಿಗಿಂತ ಮೆಲ್ಲಗೆ. ನಾನು ಹೋಗಿ ಬಾಗಿಲು ತೆರೆದೆ.

ಯಾರೂ ಇರಲಿಲ್ಲ. ಚೊಂಬು ಬರಿದಾಗಿತ್ತು. ಜಗಲಿಯ ಮೇಲೆ ಒದ್ದೆ ಹೆಜ್ಜೆಗಳು ಹೊಸ್ತಿಲ ತನಕ ಬಂದು ನಿಂತಿದ್ದವು. ತಿರುಗಿ ಹೋದ ಹೆಜ್ಜೆ ಒಂದೂ ಇರಲಿಲ್ಲ.

"ಸದ್ಯ, ಬದುಕುದ್ವಿ" ಅಂತ ಸುಧಾ ಉಸಿರುಬಿಟ್ಟಳು. ಅವ್ವ ಹೊಸ್ತಿಲಲ್ಲಿ ಕುಸಿದು ಕೂತು, ಆ ಗುರುತುಗಳು ಆರುವ ತನಕ ನೋಡುತ್ತಿದ್ದಳು. "ಮೊಮ್ಮಗೀನ ನೋಡಕ್ ಬಂದೋರ್ನ ಬಾಗ್ಲಲ್ಲೇ ನಿಲ್ಸಿ ಕಳುಸ್ಬುಟ್ರಲ್ಲೇ" ಅಂದಳು.

ಯಾರೋ ದಾರಿಹೋಕ ಇರಬೇಕು ಅಂತ ಸುಧಾಳ ಗಂಡ ಆಮೇಲೆ ಬುದ್ಧಿ ಹೇಳಿದರು. ಹೌದು ಸ್ವಾಮಿ, ದಾರಿಹೋಕನೇ ಇರಲಿ. ಹೋಗುವಾಗ ಹಾರಿಕೊಂಡು ಹೋದನೇ? ಆ ಧಾರಾವಾಹಿಯವರನ್ನೂ ಒಂದು ಮಾತು ಕೇಳಬೇಕು ಅನ್ನಿಸುತ್ತದೆ: ಸತ್ತವರು ಮನೆಗೆ ಬಂದರೆ ರಕ್ತಕ್ಕೇ ಬಂದಿರಬೇಕೇನ್ರಿ? ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗಿಷ್ಟವಾದ ಕೋಳಿಸಾರು, ಮುದ್ದೆಯ ಎಡೆ ಹಾಕಿ, ಬಂದು ಉಂಡುಹೋಗಲಿ ಅಂತ ಬಾಗಿಲು ಮುಚ್ಚಿ ಹೊರಗೆ ಕಾಯುವ ಜನ. ಹುಟ್ಟಿದಾಗಿಂದ ಆ ಎಡೆಯ ಪ್ರಸಾದ ತಿಂದು ಬೆಳೆದ ಹುಡುಗಿಗೆ ನಾಲ್ಕು ಸಂಜೆಯ ಟೀವಿ ಅಪ್ಪನನ್ನೇ ಪಿಶಾಚಿ ಮಾಡಿ ತೋರಿಸಿತಲ್ಲ!

ಆ ಮಗು ಈಗ ಶಾಲೆಗೆ ಹೋಗುತ್ತಿದ್ದಾಳೆ. ಪ್ರತಿ ವರ್ಷ ಎಡೆ ಇಡುವ ದಿನ ಅವ್ವ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬಾಗಿಲು ಮುಚ್ಚುವ ಮೊದಲು ಬೀದಿಗೆ ಕೇಳುವಂತೆ ಕರೆಯುತ್ತಾಳೆ: "ಒಳಕ್ ಬನ್ನಿ. ಮೊಮ್ಮಗ್ಳೂ ಬಂದವ್ಳೆ." ಈಗ ಸುಧಾಳೂ ಜೊತೆಗೆ ಕರೆಯುತ್ತಾಳೆ.

ಕಳೆದ ಸಲ ಎಡೆ ತೆಗೆದಮೇಲೆ ಅವ್ವ ಜಗಲಿಗೆ ಹೋಗಿ ಚೊಂಬಿನೊಳಗೆ ಬಗ್ಗಿ ನೋಡಿದಳು. ತುಂಬಿಟ್ಟ ನೀರು ತುಂಬಿದ ಹಾಗೇ ಇತ್ತು.

"ಒಂದ್ಸಲ ಕರೀದೆ ಇದ್ದಿದ್ಕೆ ಇಷ್ಟೊಂದು ಕ್ವಾಪನಾ?" ಅಂತ ಖಾಲಿ ಹೊಸ್ತಿಲನ್ನು ಕೇಳಿದಳು.